ಕಾರಿನ ಪವರ್ ಸೀಟು ನಿಂತುಹೋದರೆ: ಮೋಟಾರು ಬದಲಿಸುವ ಮುನ್ನ ಹುಡುಕಬೇಕಾದ ದೋಷಗಳು

ಗುಂಡಿ ಒತ್ತಿದರೆ ಹಿಂದೆ ಮುಂದೆ ಸರಿಯುವ, ಏರಿ ಇಳಿಯುವ, ಬೆನ್ನು ಬಾಗಿಸುವ ಪವರ್ ಸೀಟುಗಳು ಈಗ ಮಧ್ಯಮ ದರದ ಕಾರುಗಳಲ್ಲೂ ಬರುತ್ತಿವೆ. ಅಂತಹ ಸೀಟು ಒಂದು ದಿನ ಅಲುಗಾಡದೆ ನಿಂತರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಮೊದಲು ಕೇಳಿಬರುವ ತೀರ್ಪು ‘ಮೋಟ್ರು ಹೋಗಿದೆ ಸಾರ್, ಪೂರ್ತಿ ಅಸೆಂಬ್ಲಿ ಹಾಕ್ಬೇಕು’ ಎಂಬುದು. ಈ ತೀರ್ಪನ್ನು ಅಳತೆಯಿಲ್ಲದೆ ಒಪ್ಪಿಕೊಳ್ಳಬಾರದು. ಈ ಸರ್ಕ್ಯೂಟಿನಲ್ಲಿ ಮೋಟಾರು ಗಟ್ಟಿಮುಟ್ಟಾದ ಭಾಗ. ಒಬ್ಬರೇ ಓಡಿಸುವ ಕಾರಿನಲ್ಲಂತೂ ಅದು ವಾರಗಟ್ಟಲೆ ತಿರುಗುವುದೇ ಇಲ್ಲ. ಹೆಚ್ಚಾಗಿ ಕೆಡುವುದು ಅದಕ್ಕೆ ಕರೆಂಟು ತಲುಪಿಸುವ ದಾರಿ, ಅಂದರೆ ಫ್ಯೂಸ್, ಸೀಟಿನಡಿಯ ಕನೆಕ್ಟರ್, ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟುಗಳು ಮತ್ತು ಕಾರಿನ ಲೋಹದ ಮೈಗೆ (ಬಾಡಿ) ಸೇರುವ ಅರ್ಥ್ ವೈರು.

ಮಲೆನಾಡಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಪೇಟೆಗಳಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನೊಳಗೆ ಹೊಕ್ಕ ತೇವ ಆರುವಷ್ಟು ಬಿಸಿಲು ಸಿಗುವುದು ಅಪರೂಪ. ಸೀಟಿನ ಕನೆಕ್ಟರ್ ಇರುವುದು ಕಾರಿನ ನೆಲದ ಮೇಲೆ, ಕಾರ್ಪೆಟ್ಟಿಗೆ ತಾಗಿಕೊಂಡು. ಆದ್ದರಿಂದ ಘಟ್ಟದ ಮೇಲಿನ ಕಾರಿನಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಆ ಕನೆಕ್ಟರಿನ ಮೇಲೆ. ಶಿವಮೊಗ್ಗ ಪೇಟೆಯಲ್ಲೇ ಓಡಾಡುವ ಕಾರಾದರೆ ಧೂಳು ಹೊಕ್ಕ ಸ್ವಿಚ್ಚಿನ ಮೇಲೆ.

ಕರೆಂಟು ಸಾಗುವ ದಾರಿ

ಪರೀಕ್ಷೆಗೆ ಇಳಿಯುವ ಮುನ್ನ ಈ ದಾರಿಯನ್ನು ಮನಸ್ಸಿನಲ್ಲಿ ಒಮ್ಮೆ ನಡೆದು ನೋಡಬೇಕು. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಕರೆಂಟು ದೊಡ್ಡದೊಂದು ಫ್ಯೂಸ್ ದಾಟಿ ಸೀಟಿನಡಿಯ ಕನೆಕ್ಟರಿಗೆ, ಅಲ್ಲಿಂದ ಸೀಟಿನ ಪಕ್ಕದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಒಂದು ವೈರಿನಲ್ಲಿ ಮೋಟಾರಿಗೆ ಹೋಗಿ, ಇನ್ನೊಂದು ವೈರಿನಲ್ಲಿ ಮತ್ತೆ ಸ್ವಿಚ್ಚಿಗೇ ಬಂದು, ಅಲ್ಲಿಂದ ಕನೆಕ್ಟರಿನ ಮೂಲಕ ಬಾಡಿ ಅರ್ಥ್‌ಗೆ ಸೇರುತ್ತದೆ. ಸರಿಯುವುದಕ್ಕೆ, ಎತ್ತರಕ್ಕೆ, ಬೆನ್ನಿಗೆ ಒಂದೊಂದು ಪ್ರತ್ಯೇಕ ಮೋಟಾರು ಇರುತ್ತದೆ; ಫ್ಯೂಸ್, ಮುಖ್ಯ ಕನೆಕ್ಟರ್ ಮತ್ತು ಅರ್ಥ್ ಮಾತ್ರ ಎಲ್ಲಕ್ಕೂ ಸಾಮಾನ್ಯ.

ಚಾಲಕರ ಸ್ಥಾನ ನೆನಪಿಡುವ ಮೆಮೊರಿ ಇಲ್ಲದ ಸೀಟಿನ ಸ್ವಿಚ್ಚು ಕೇವಲ ಕರೆಂಟು ಕೊಟ್ಟು ತೆಗೆಯುವ ಸ್ವಿಚ್ಚಲ್ಲ, ದಿಕ್ಕು ಬದಲಿಸುವ ಸ್ವಿಚ್ಚು. ಸಾಮಾನ್ಯ ವಿನ್ಯಾಸದಲ್ಲಿ ಯಾವುದನ್ನೂ ಒತ್ತದಿರುವಾಗ ಮೋಟಾರಿನ ಎರಡೂ ವೈರುಗಳು ಸ್ವಿಚ್ಚಿನ ಮೂಲಕ ಅರ್ಥ್‌ಗೆ ಸೇರಿಕೊಂಡಿರುತ್ತವೆ. ಮುಂದಕ್ಕೆ ಒತ್ತಿದರೆ ಒಂದು ವೈರು ಮಾತ್ರ ಅರ್ಥ್ ಬಿಟ್ಟು ಪಾಸಿಟಿವ್‌ಗೆ ಹೋಗುತ್ತದೆ, ಹಿಂದಕ್ಕೆ ಒತ್ತಿದರೆ ಇನ್ನೊಂದು ವೈರು. ಈ ಒಂದು ವಿಷಯ ತಿಳಿದಿದ್ದರೆ ಮುಂದಿನ ಅರ್ಧ ಕೆಲಸ ಉಪಕರಣ ಕೈಗೆತ್ತಿಕೊಳ್ಳುವ ಮೊದಲೇ ಮುಗಿದಂತೆ.

ಲಕ್ಷಣವನ್ನು ಓದುವುದು

ಎಲ್ಲ ಗುಂಡಿಗಳನ್ನೂ ಎರಡೂ ದಿಕ್ಕಿಗೆ ಒತ್ತಿ, ಆದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದಕ್ಕೂ ಮೊದಲು ಕಾರಿನ ಕೈಪಿಡಿಯಲ್ಲಿ ಸೀಟು ಯಾವಾಗ ಕೆಲಸ ಮಾಡಬೇಕು ಎಂಬುದನ್ನು ನೋಡಿ. ಹಲವು ಕಾರುಗಳಲ್ಲಿ ಇಗ್ನಿಷನ್ ಆಫ್ ಇದ್ದರೂ ಸೀಟು ಸರಿಯುತ್ತದೆ, ಕೆಲವದರಲ್ಲಿ ಇಗ್ನಿಷನ್ ಆನ್ ಇರಬೇಕು ಅಥವಾ ಬಾಗಿಲು ತೆರೆದಿರಬೇಕು.

ಯಾವ ಗುಂಡಿಗೂ ಸದ್ದೇ ಇಲ್ಲವೆಂದರೆ ಎಲ್ಲಕ್ಕೂ ಸಾಮಾನ್ಯವಾದ ಭಾಗದಲ್ಲಿ ತೊಂದರೆಯಿದೆ. ಎಲ್ಲ ಮೋಟಾರುಗಳೂ ಒಟ್ಟಿಗೆ ಕೆಡುವುದು ನಂಬತಕ್ಕ ಮಾತಲ್ಲ. ಸೀಟು ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಬರುವುದಿಲ್ಲ ಎಂದಾದರೆ ಮೋಟಾರೂ ಅದರ ಎರಡು ವೈರುಗಳೂ ನಿರ್ದೋಷಿಗಳು. ಏಕೆಂದರೆ ಎರಡೂ ದಿಕ್ಕಿನ ಕರೆಂಟು ಅದೇ ವೈರುಗಳಲ್ಲೇ ಹರಿಯುತ್ತದೆ. ಅಲ್ಲಿ ಸ್ವಿಚ್ಚಿನ ಕಾಂಟ್ಯಾಕ್ಟನ್ನೋ, ಸೀಟು ಸರಿಯುವ ಹಳಿಯಲ್ಲಿ ಅಡ್ಡ ಸಿಕ್ಕಿದ ವಸ್ತುವನ್ನೋ ಹುಡುಕಬೇಕು. ಒಂದೇ ಕ್ರಿಯೆ ಎರಡೂ ದಿಕ್ಕಿಗೆ ಸತ್ತಿದ್ದು, ಉಳಿದವು ಚೆನ್ನಾಗಿದ್ದರೆ ಮಾತ್ರ ಆ ಮೋಟಾರು ಅನುಮಾನದ ಪಟ್ಟಿಗೆ ಬರುತ್ತದೆ, ಅದೂ ತನ್ನ ವೈರು ಮತ್ತು ತನ್ನ ಗುಂಡಿಯ ಜೊತೆಯಲ್ಲಿ. ಮೋಟಾರು ತಿರುಗುವ ಸದ್ದು ಕೇಳುತ್ತಿದೆ, ಸೀಟು ಕದಲುತ್ತಿಲ್ಲ ಎಂದರೆ ಗೇರಿನ ಹಲ್ಲು ಸವೆದಿರುತ್ತದೆ ಅಥವಾ ಮೋಟಾರಿನಿಂದ ಹಳಿಗೆ ಹೋಗುವ ಕೇಬಲ್ ಕಳಚಿರುತ್ತದೆ. ಅದು ವಿದ್ಯುತ್ತಿನ ದೋಷವೇ ಅಲ್ಲ. ಸ್ವಲ್ಪ ದೂರ ಸರಿದು ನಿಂತು, ಹತ್ತಾರು ನಿಮಿಷ ಬಿಟ್ಟರೆ ಮತ್ತೆ ಸರಿಯುವ ಸೀಟಿನಲ್ಲಿ ಮೋಟಾರಿನೊಳಗಿನ ಬಿಸಿರಕ್ಷಕ (ಬಿಸಿ ಹೆಚ್ಚಾದಾಗ ಕರೆಂಟು ತಡೆಯುವ ಭಾಗ) ಕಡಿತಗೊಳ್ಳುತ್ತಿರುತ್ತದೆ. ಗ್ರೀಸ್ ಒಣಗಿ ಹಳಿ ಬಿಗಿಯಾದಾಗ ಹೀಗಾಗುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ ಹಳೆಯ ಎಲೆಕ್ಟ್ರಿಷಿಯನ್ನರಿಗೆಲ್ಲ ಗೊತ್ತು. ಕತ್ತಲಲ್ಲಿ ಕಾರಿನೊಳಗಿನ ಚಾವಣಿ ದೀಪ ಹಾಕಿ, ಕೆಟ್ಟ ಗುಂಡಿಯನ್ನು ಒತ್ತಿ. ದೀಪ ತುಸು ಮಂಕಾದರೆ ಕರೆಂಟು ಹರಿಯುತ್ತಿದೆ, ಮೋಟಾರು ತಿರುಗಲಾರದೆ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು. ಏನೂ ಬದಲಾಗದಿದ್ದರೆ ದಾರಿ ಎಲ್ಲೋ ತುಂಡಾಗಿದೆ. ಎಲ್‌ಇಡಿ ದೀಪಗಳಲ್ಲಿ ಈ ವ್ಯತ್ಯಾಸ ಕಾಣದಿರಬಹುದು, ಆಗ ಬ್ಯಾಟರಿಗೆ ಮಲ್ಟಿಮೀಟರ್ ಹಚ್ಚಿ ವೋಲ್ಟೇಜು ಇಳಿಯುತ್ತದೆಯೇ ಎಂದು ನೋಡಬೇಕು.

ಕೈಹಾಕುವ ಮುನ್ನ

ಈ ಭಾಗವನ್ನು ಅವಸರದಲ್ಲಿ ದಾಟಬೇಡಿ. ಸೀಟಿನಡಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಪಕ್ಕದ ಏರ್‌ಬ್ಯಾಗಿನದೋ ಸೀಟ್ ಬೆಲ್ಟನ್ನು ಬಿಗಿಗೊಳಿಸುವ ಸಾಧನದ್ದೋ ಆಗಿರುತ್ತದೆ. ಅದಕ್ಕೆ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್ (ಒಂದು ತುದಿ ಅರ್ಥ್‌ಗೆ ಸೇರಿಸಿ, ಇನ್ನೊಂದು ತುದಿ ತಾಗಿಸಿ ಕರೆಂಟು ನೋಡುವ ದೀಪ) ಯಾವುದನ್ನೂ ತಾಗಿಸಬಾರದು. ಮೀಟರ್ ರೆಸಿಸ್ಟೆನ್ಸ್ ಅಳೆಯಲು ಕಳಿಸುವ ಸಣ್ಣ ಕರೆಂಟೂ ಅಲ್ಲಿ ಅಪಾಯಕಾರಿ. ಸೀಟನ್ನು ಬಿಚ್ಚಲೇಬೇಕಾಗಿ ಬಂದು ಆ ಕನೆಕ್ಟರನ್ನು ಕಳಚುವುದಿದ್ದರೆ, ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ತಯಾರಕರ ಕೈಪಿಡಿ ಹೇಳಿದಷ್ಟು ನಿಮಿಷ ಕಾದ ನಂತರವೇ ಕಳಚಬೇಕು. ಕಳಚಿದ ಸ್ಥಿತಿಯಲ್ಲಿ ಯಾರಾದರೂ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ಎಚ್ಚರಿಕೆ ದೀಪ ಹತ್ತಿ, ದೋಷಸಂಕೇತ ಓದಿ ಅಳಿಸುವ ಸ್ಕ್ಯಾನರ್ ಇಲ್ಲದೆ ಆರದಿರಬಹುದು.

ಕೈಗವಸು ಹಾಕಿಕೊಳ್ಳಿ. ಅಡಿಕೆ ಕೊಯ್ಲಿನ ಕಾಲದಲ್ಲಿ ಕಾರು ಕೊಟ್ಟಿಗೆಯ ಪಕ್ಕದಲ್ಲೋ ಅಡಿಕೆ ಮನೆಯ ಮಾಡಿನಡಿಯಲ್ಲೋ ನಿಂತಿದ್ದರೆ ಸೀಟಿನಡಿ ಇಲಿ ಗೂಡು ಮಾಡಿರುವುದು ಅಪರೂಪವಲ್ಲ, ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಕಡಿದ ವೈರು ಹುಡುಕುವ ಆತುರದಲ್ಲಿ ಬರಿಗೈ ಹಾಕುವುದು ಬೇಡ. ಟಾರ್ಚ್ ಹಿಡಿದು ಮೊದಲು ಕಣ್ಣಲ್ಲೇ ನೋಡಿ: ಹಳಿಯಲ್ಲಿ ಸಿಕ್ಕಿದ ನಾಣ್ಯ, ನೀರಿನ ಬಾಟಲಿ, ಮಗುವಿನ ಆಟಿಕೆ ಇವೆಲ್ಲ ‘ಮೋಟಾರು ಹೋಗಿದೆ’ ಎನಿಸಿಕೊಳ್ಳಬಲ್ಲ ವಸ್ತುಗಳೇ.

ಬ್ಯಾಟರಿ ಮತ್ತು ಫ್ಯೂಸ್

ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ; ಬ್ಯಾಟರಿ ಸೊರಗಿರುವಾಗ ಮಾಡುವ ಮುಂದಿನ ಅಳತೆಗಳೆಲ್ಲ ದಾರಿ ತಪ್ಪಿಸುತ್ತವೆ.

ಸೀಟಿನ ಫ್ಯೂಸ್ ಸಾಮಾನ್ಯವಾಗಿ 20ರಿಂದ 40 ಆಂಪಿಯರಿನದು. ಬ್ಲೇಡ್ ಫ್ಯೂಸಿನಲ್ಲಿ 20ಕ್ಕೆ ಹಳದಿ, 30ಕ್ಕೆ ಹಸಿರು ಬಣ್ಣ. ಕಣ್ಣಿಗೆ ಸರಿಯಾಗಿ ಕಂಡ ಮಾತ್ರಕ್ಕೆ ಫ್ಯೂಸ್ ಸರಿಯೆಂದು ಬಿಡಬೇಡಿ. ಅದರ ತಲೆಯ ಮೇಲಿರುವ ಎರಡು ಲೋಹದ ಚುಕ್ಕೆಗಳಿಗೂ ಟೆಸ್ಟ್ ಲ್ಯಾಂಪ್ ತಾಗಿಸಿ, ಎರಡರಲ್ಲೂ ದೀಪ ಹತ್ತಬೇಕು. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. 30ರ ಜಾಗಕ್ಕೆ 40 ಹಾಕುವುದು, ಸಿಗರೇಟಿನ ಬೇಗಡೆ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಇವು ಕಾರ್ಪೆಟ್ಟಿನಡಿ ಬೆಂಕಿ ಇಡುವ ಉಪಾಯಗಳು.

ಹೊಸ ಫ್ಯೂಸೂ ತಕ್ಷಣ ಸುಟ್ಟರೆ ಎಲ್ಲೋ ವೈರು ಬಾಡಿಗೆ ತಾಗುತ್ತಿದೆ. ಫ್ಯೂಸ್ ಮೇಲೆ ಫ್ಯೂಸ್ ಸುಡುವ ಬದಲು, ಫ್ಯೂಸಿನ ಜಾಗದಲ್ಲಿ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ವೈರು ಮಾಡಿ ಸೇರಿಸಿ. ಅದು ಕರೆಂಟನ್ನು ಸುಮಾರು 5 ಆಂಪಿಯರಿಗೆ ಮಿತಿಗೊಳಿಸುತ್ತದೆ, ವೈರಿಗೆ ಅಪಾಯವಿಲ್ಲ. ಯಾವ ಗುಂಡಿಯನ್ನೂ ಒತ್ತದೆಯೇ ಬಲ್ಬು ಪೂರ್ಣ ಪ್ರಕಾಶದಲ್ಲಿ ಉರಿದರೆ ಶಾರ್ಟ್ ಇರುವುದು ಫ್ಯೂಸಿಗೂ ಸ್ವಿಚ್ಚಿಗೂ ನಡುವೆ, ಅಥವಾ ಸ್ವಿಚ್ಚಿನೊಳಗೇ. ಬಲ್ಬು ಉರಿಯುತ್ತಿರುವಾಗ ಸೀಟಿನಡಿಯ ವೈರುಗಳನ್ನು ಒಂದೊಂದೇ ಕಡೆ ಎತ್ತಿ ಅಲುಗಿಸಿ; ಯಾವ ಜಾಗದಲ್ಲಿ ದೀಪ ಆರುತ್ತದೋ ಅಲ್ಲೇ ವೈರಿನ ಹೊದಿಕೆ ಹಳಿಗೆ ಸಿಕ್ಕಿ ಸವೆದಿರುತ್ತದೆ. ಗುಂಡಿ ಒತ್ತಿದಾಗ ಮಾತ್ರ ಬಲ್ಬು ಹತ್ತಿದರೆ ಅದನ್ನೇ ಶಾರ್ಟ್ ಎಂದು ಭಾವಿಸಬೇಡಿ, ಮೋಟಾರಿನ ಮೂಲಕ ಹರಿದ ಕರೆಂಟಿಗೂ ಅದು ಹತ್ತುತ್ತದೆ. ಮೋಟಾರಿನ ಕನೆಕ್ಟರ್ ಕಳಚಿ ಮತ್ತೆ ಒತ್ತಿ. ಆಗಲೂ ಹತ್ತಿದರೆ ದೋಷ ಆ ವೈರುಗಳಲ್ಲಿದೆ. ಬಲ್ಬು ವಿಪರೀತ ಬಿಸಿಯಾಗುತ್ತದೆ, ಸೀಟಿನ ಬಟ್ಟೆಯ ಮೇಲೆ ಇಡಬೇಡಿ.

ಸೀಟಿನಡಿಯ ಕನೆಕ್ಟರ್ ಮತ್ತು ಮಳೆಗಾಲ

ಫ್ಯೂಸ್ ಸರಿಯಿದ್ದೂ ಸೀಟು ನಿರ್ಜೀವವಾಗಿದ್ದರೆ ಮುಂದಿನ ನಿಲ್ದಾಣ ಇದು. ಮೊದಲು ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಅದರಡಿಯ ಫೋಮ್ ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ಬೆಳಿಗ್ಗೆ ಗಾಜಿನ ಒಳಮೈ ಮಂಜು ಹಿಡಿಯುವುದು, ಬಾಗಿಲು ತೆರೆದೊಡನೆ ಬೂಷ್ಟಿನ ವಾಸನೆ ಬರುವುದು ಇದರ ಸುಳಿವು. ಹಲಸಿನ ಮರದಡಿ, ಸಿಲ್ವರ್ ಓಕಿನಡಿ ನಿಲ್ಲಿಸುವ ಕಾರುಗಳಲ್ಲಿ ಮುಂಗಾಜಿನ ಕೆಳಗಿನ ತೂಬು ಮತ್ತು ಸನ್‌ರೂಫಿನ ಮೂಲೆಗಳಿಂದ ಇಳಿಯುವ ಸಣ್ಣ ಕೊಳವೆಗಳು ತರಗೆಲೆಯಿಂದ ಕಟ್ಟಿಕೊಂಡು ನೀರು ಒಳಗೆ ತಿರುಗುತ್ತದೆ. ಎಡಗಡೆಯ ಸೀಟಿನ ಮುಂದೆ ಮಾತ್ರ ಒದ್ದೆಯಿದ್ದರೆ ಎಸಿಯ ನೀರು ಹೊರಹೋಗುವ ಕೊಳವೆಯನ್ನು ನೋಡಿ. ನೀರಿನ ಮೂಲ ಮುಚ್ಚದೆ ಕನೆಕ್ಟರ್ ಮಾತ್ರ ಸ್ವಚ್ಛಗೊಳಿಸಿದರೆ ಮುಂದಿನ ಮಳೆಗೆ ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಬ್ಯಾಟರಿಯ ನೆಗೆಟಿವ್ ತೆಗೆದು ಕನೆಕ್ಟರನ್ನು ಬಿಡಿಸಿ ಒಳಗಿನ ಪಿನ್ನುಗಳನ್ನು ಟಾರ್ಚಿನಲ್ಲಿ ನೋಡಿ. ಹಸಿರು ಕಿಲುಬು, ಬಿಳಿ ಪುಡಿ, ಬಿಸಿಗೆ ಕಂದಿದ ಪ್ಲಾಸ್ಟಿಕ್ ಇವುಗಳಲ್ಲಿ ಯಾವುದು ಕಂಡರೂ ಸಾಕು, ಅಪರಾಧಿ ಬಹುತೇಕ ಸಿಕ್ಕಂತೆಯೇ. ಕಿಲುಬು ತೆಳುವಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಸಣ್ಣ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ, ಎಲೆಕ್ಟ್ರಿಕಲ್ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಿ. ಸೀಮೆಎಣ್ಣೆ, ಪೆಟ್ರೋಲು ಬೇಡ. ಪಿನ್ನು ತಿಂದುಹೋಗಿದ್ದರೆ ಅಥವಾ ಕಂದಿದ್ದರೆ ಸ್ವಚ್ಛಗೊಳಿಸುವುದು ವ್ಯರ್ಥ. ಪಿನ್ನನ್ನೇ ಬದಲಿಸಿ, ವೈರನ್ನು ಕ್ರಿಂಪ್ ಮಾಡಿ (ಒತ್ತಿ ಕಚ್ಚಿಸಿ), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಬೇಕು. ಸಾದಾ ಕಪ್ಪು ಟೇಪು ಮಲೆನಾಡಿನ ತೇವಕ್ಕೆ ಬೇಗ ಅಂಟು ಬಿಡುತ್ತದೆ. ಕನೆಕ್ಟರನ್ನು ಸೀಟಿನ ಚೌಕಟ್ಟಿಗೆ ಸ್ವಲ್ಪ ಮೇಲೆತ್ತಿ ಟೈ ಹಾಕಿದರೆ ಒಳ್ಳೆಯದು, ಆದರೆ ಸೀಟು ಎರಡೂ ತುದಿಗೆ ಸರಿದಾಗ ವೈರು ಎಳೆಯದಂತೆ ಸಡಿಲ ಬಿಟ್ಟಿರಬೇಕು.

ಹೊರೆ ಹಾಕಿ ಅಳೆಯುವುದು

ಬಹಳಷ್ಟು ಜನ ತಪ್ಪುವುದು ಇಲ್ಲಿ. ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್ ಹಚ್ಚಿದರೆ 12.4 ವೋಲ್ಟ್ ಬರುತ್ತದೆ. ‘ಕರೆಂಟು ಬರ್ತಿದೆ, ಹಾಗಾದ್ರೆ ಮೋಟ್ರೇ’ ಎಂಬ ತೀರ್ಮಾನ ಅಲ್ಲೇ ಹುಟ್ಟುತ್ತದೆ. ಆದರೆ ಮಲ್ಟಿಮೀಟರ್ ಎಳೆಯುವ ಕರೆಂಟು ಅತ್ಯಲ್ಪ. ಕೂದಲೆಳೆಯಷ್ಟೇ ಉಳಿದ, ಕಿಲುಬು ಹಿಡಿದ ಸಂಪರ್ಕದ ಮೂಲಕವೂ ಅದು ಪೂರ್ತಿ ವೋಲ್ಟೇಜು ತೋರಿಸುತ್ತದೆ. ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಕಸ ಕಟ್ಟಿದ್ದರೂ ವಾಲ್ವ್ ಮುಚ್ಚಿರುವಾಗ ಗೇಜು ಪೂರ್ತಿ ಒತ್ತಡ ತೋರಿಸಿ, ತೆರೆದೊಡನೆ ಜೆಟ್ ಜೋಲು ಬೀಳುವುದನ್ನು ಅಡಿಕೆ ಬೆಳೆಗಾರರು ನೋಡಿಯೇ ಇರುತ್ತಾರೆ. ಇಲ್ಲೂ ಆಗುವುದು ಅದೇ. ಓಡುವಾಗ ಹಲವು ಆಂಪಿಯರ್, ಸಿಕ್ಕಿಕೊಂಡಾಗ 20ಕ್ಕೂ ಹೆಚ್ಚು ಆಂಪಿಯರ್ ಎಳೆಯಬಲ್ಲ ಮೋಟಾರಿಗೆ ಆ ಸಂಪರ್ಕ ಸಾಲುವುದಿಲ್ಲ.

ಆದ್ದರಿಂದ ಹೊರೆ ಹಾಕಿ ಅಳೆಯಬೇಕು. ಕೆಟ್ಟ ಮೋಟಾರಿನ ಕನೆಕ್ಟರ್ ಕಳಚಿ, ಮೋಟಾರಿನ ಬದಲು ಆ ಎರಡು ದಪ್ಪ ವೈರುಗಳ ನಡುವೆ ಹೆಡ್‌ಲೈಟ್ ಬಲ್ಬ್ ಸೇರಿಸಿ, ಒಬ್ಬರು ಗುಂಡಿಯನ್ನು ಎರಡೂ ದಿಕ್ಕಿಗೆ ಒತ್ತಲಿ. ಎರಡೂ ಸಲ ಪ್ರಖರವಾಗಿ ಉರಿದರೆ ದಾರಿ ಬಹುಮಟ್ಟಿಗೆ ಸರಿಯಿದೆ, ಈಗ ಮೋಟಾರಿನ ಮೇಲೆ ಬೆರಳು ತೋರಿಸಬಹುದು. ಒಂದು ದಿಕ್ಕಿಗೆ ಮಾತ್ರ ಉರಿದರೆ ಸ್ವಿಚ್ಚು. ಎರಡೂ ಕಡೆ ಮಂಕಾಗಿ ಉರಿದರೆ ಎಲ್ಲೋ ತಡೆಯಿದೆ, ಅದನ್ನು ಮೀಟರಿನಿಂದ ಹಿಡಿಯಬೇಕು.

ತಡೆ ಹಿಡಿಯುವ ಕ್ರಮ ಹೀಗೆ. ಬಲ್ಬು ಉರಿಯುತ್ತಿರುವಾಗಲೇ ಮೀಟರಿನ ಕಪ್ಪು ಕಡ್ಡಿಯನ್ನು ಉದ್ದ ವೈರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿ, ಕೆಂಪು ಕಡ್ಡಿಯನ್ನು ಸ್ವಿಚ್ಚಿನ ಅರ್ಥ್ ಪಿನ್ನಿಗೆ ತಾಗಿಸಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ವೈರಿನಲ್ಲಿ ಅಥವಾ ಅದು ಬಾಡಿಗೆ ಸೇರುವ ಬೋಲ್ಟಿನಲ್ಲಿ ದೋಷವಿದೆ. ಆ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಲೋಹ ಹೊಳೆಯುವಂತೆ ಮಾಡಿ ಬಿಗಿಯಬೇಕು. ಅರ್ಥ್ ಸರಿಯಿದ್ದರೆ ಈಗ ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್‌ನಲ್ಲಿ, ಕಪ್ಪು ಕಡ್ಡಿ ಸ್ವಿಚ್ಚಿಗೆ ಬರುವ ಪಾಸಿಟಿವ್ ಪಿನ್ನಿನಲ್ಲಿ ಇರಲಿ. ಇಲ್ಲಿ 0.5 ವೋಲ್ಟ್ ದಾಟಿದರೆ ಫ್ಯೂಸ್ ಪೆಟ್ಟಿಗೆಯಿಂದ ಹಿಡಿದು ಕನೆಕ್ಟರಿನವರೆಗೆ ಒಂದೊಂದೇ ಹಂತದಲ್ಲಿ ಅಳೆಯುತ್ತ ಬನ್ನಿ, ಎಲ್ಲಿ ಅಂಕಿ ಜಿಗಿಯುತ್ತದೋ ಆ ಎರಡು ಬಿಂದುಗಳ ನಡುವೆ ತೊಂದರೆಯಿದೆ. ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ, ವೈರು ಒಳಹೋಗುವ ಕಡೆಯಿಂದ ತೂರಿಸಿ. ಮುಂಬದಿಯ ತೂತಿಗೆ ದಪ್ಪ ಕಡ್ಡಿ ತುರುಕಿದರೆ ಪಿನ್ನಿನ ಹಿಡಿತ ಸಡಿಲವಾಗಿ, ಇಲ್ಲದ ಲೂಸ್ ಕನೆಕ್ಷನ್ ಒಂದನ್ನು ನಾವೇ ಸೃಷ್ಟಿಸಿದಂತಾಗುತ್ತದೆ.

ಸ್ವಿಚ್ಚು

ಸೀಟಿನ ಪಕ್ಕದ ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಸ್ವಿಚ್ಚು ಕೈಗೆ ಬರುತ್ತದೆ. ಚಹಾ ಚೆಲ್ಲಿದ ಕಲೆ, ಒದ್ದೆ ರೈನ್‌ಕೋಟಿನಿಂದ ಇಳಿದ ನೀರು, ಕೆಂಧೂಳು ಇವು ಇಲ್ಲಿನ ಸಾಮಾನ್ಯ ಅತಿಥಿಗಳು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಗುಂಡಿಯನ್ನು ಹತ್ತಾರು ಬಾರಿ ಆಡಿಸಿದರೆ ಕೆಲವೊಮ್ಮೆ ಜೀವ ಬರುತ್ತದೆ. ಕಾಂಟ್ಯಾಕ್ಟುಗಳು ಸುಟ್ಟು ಗುಳಿ ಬಿದ್ದಿದ್ದರೆ ಬದಲಿಸುವುದೇ ದಾರಿ. ಗುಜರಿಯಿಂದ ತರುವುದಾದರೆ ಭಾಗದ ಸಂಖ್ಯೆ ತಾಳೆ ನೋಡಿ, ಎಡ ಮತ್ತು ಬಲ ಸೀಟಿನ ಸ್ವಿಚ್ಚುಗಳು ಒಂದೇ ಅಲ್ಲ.

ಸ್ವಿಚ್ಚು ಒತ್ತಿದ ಸ್ಥಿತಿಯಲ್ಲೇ ಅಂಟಿಕೊಂಡು ಸೀಟು ತಾನಾಗಿ ಸರಿಯತೊಡಗಿದರೆ ಕಾರು ನಿಲ್ಲಿಸಿ ಫ್ಯೂಸ್ ಎಳೆಯಿರಿ. ಮೋಟಾರಿನ ವರ್ಮ್ ಗೇರು ತಾನಾಗಿ ಹಿಂದಿರುಗದಂತೆ ಸೀಟನ್ನು ಹಿಡಿದಿಡುವುದರಿಂದ ಕರೆಂಟು ಇಲ್ಲದಿದ್ದರೂ ಅದು ಇದ್ದಲ್ಲೇ ಇರುತ್ತದೆ. ಆದರೆ ಬ್ರೇಕ್ ಪೆಡಲ್ ಪೂರ್ತಿ ಒತ್ತಲು ಕಾಲು ಎಟುಕದ ಜಾಗದಲ್ಲಿ ಸೀಟು ನಿಂತಿದ್ದರೆ ಓಡಿಸಕೂಡದು. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯನ್ನು ಬೆನ್ನಿಗೆ ದಿಂಬು ಕೊಟ್ಟುಕೊಂಡು ಇಳಿಯುವ ಸಾಹಸ ಯಾರಿಗೂ ಬೇಡ.

ಮೋಟಾರಿಗೆ ನೇರ ಕರೆಂಟು

ಇಷ್ಟೂ ದಾಟಿದ ಮೇಲೆ ಮೋಟಾರನ್ನು ಪರೀಕ್ಷಿಸಿ. ಅದರ ಕನೆಕ್ಟರ್ ಕಳಚಿ, 20 ಆಂಪಿಯರ್ ಫ್ಯೂಸ್ ಇರುವ ವೈರಿನಿಂದ ಎರಡು ದಪ್ಪ ಪಿನ್ನುಗಳಿಗೆ ಬ್ಯಾಟರಿಯ ಕರೆಂಟನ್ನು ಒಂದೆರಡು ಸೆಕೆಂಡು ಮಾತ್ರ ಕೊಟ್ಟು, ಆಮೇಲೆ ವೈರು ಅದಲುಬದಲು ಮಾಡಿ ನೋಡಿ. ಜೊತೆಗೆ ತೆಳುವಾದ ಪಿನ್ನುಗಳಿದ್ದರೆ ಅವು ಸೀಟಿನ ಸ್ಥಾನ ಅಳೆಯುವ ಸೆನ್ಸರಿನವು. ಅವಕ್ಕೆ 12 ವೋಲ್ಟ್ ಕೊಟ್ಟರೆ ಅಲ್ಲೇ ಸುಡುತ್ತವೆ. ಮೋಟಾರು ಸರಾಗವಾಗಿ ತಿರುಗಿದರೆ ಅದು ಚೆನ್ನಾಗಿದೆ. ತಿರುಗದೆ ಫ್ಯೂಸ್ ಸುಟ್ಟರೆ ಮೋಟಾರೋ ಹಳಿಯೋ ಸಿಕ್ಕಿದೆ. ಮೋಟಾರನ್ನು ಗೇರಿನಿಂದ ಬೇರ್ಪಡಿಸಿ ಮತ್ತೊಮ್ಮೆ ನೋಡಿದರೆ ಯಾವುದೆಂದು ತಿಳಿಯುತ್ತದೆ. ಕಿಡಿಯೂ ಇಲ್ಲ, ಸದ್ದೂ ಇಲ್ಲವೆಂದರೆ ಒಳಗಿನ ಬ್ರಷ್ ಸವೆದಿದೆ ಅಥವಾ ಬಿಸಿರಕ್ಷಕ ಶಾಶ್ವತವಾಗಿ ತೆರೆದುಕೊಂಡಿದೆ. ಆಗ ಹೊಸ ಮೋಟಾರಿಗೆ ದುಡ್ಡು ಕೊಡುವುದು ನ್ಯಾಯ.

ಸತ್ತ ಸೀಟು ತನ್ನನ್ನು ನೆಲಕ್ಕೆ ಬಿಗಿದ ಬೋಲ್ಟುಗಳನ್ನೇ ಮುಚ್ಚಿಕೊಂಡು ನಿಂತಿರುವಾಗ, ಅದನ್ನು ಸರಿಸಿ ಬೋಲ್ಟು ಬಿಚ್ಚಲೂ ಈ ನೇರ ಕರೆಂಟಿನ ಉಪಾಯ ಉಪಯೋಗಕ್ಕೆ ಬರುತ್ತದೆ.

ಮೆಮೊರಿ ಇರುವ ಸೀಟು

ಚಾಲಕರ ಸ್ಥಾನ ನೆನಪಿಡುವ ಸೀಟುಗಳಲ್ಲಿ ಗುಂಡಿಯು ಮೋಟಾರಿಗೆ ನೇರವಾಗಿ ಕರೆಂಟು ಕೊಡುವುದಿಲ್ಲ, ಕಂಟ್ರೋಲ್ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಸಂದೇಶ ಕೊಡುತ್ತದೆ. ಅಲ್ಲಿ ಸ್ವಿಚ್ಚಿನ ವೈರುಗಳಿಗೆ ಟೆಸ್ಟ್ ಲ್ಯಾಂಪ್ ಹಚ್ಚುವುದಾಗಲಿ, ಪಿನ್ನುಗಳನ್ನು ಸೇರಿಸಿ ನೋಡುವುದಾಗಲಿ ಮಾಡಬಾರದು, ಮಾಡ್ಯೂಲೇ ಹೋಗುತ್ತದೆ. ಸೀಟು ತುಸು ಸರಿದು, ಮತ್ತೆ ಒತ್ತಿದರೆ ಮತ್ತೆ ತುಸು ಸರಿಯುತ್ತಿದ್ದರೆ ಮೋಟಾರಿನ ಸ್ಥಾನದ ಸೆನ್ಸರಿನಿಂದ ಸಂಕೇತ ಬರುತ್ತಿಲ್ಲವೆಂದು ಊಹಿಸಬಹುದು. ಬ್ಯಾಟರಿ ತೆಗೆದು ಹಾಕಿದ ನಂತರ ಹೀಗಾದರೆ ಕೈಪಿಡಿಯಲ್ಲಿರುವ ಮರುಹೊಂದಾಣಿಕೆಯ ಕ್ರಮವನ್ನು ಮೊದಲು ಅನುಸರಿಸಿ. ಕಾರಿನ ತಪಾಸಣೆ ಸಾಕೆಟ್ಟಿಗೆ ಹಚ್ಚುವ ಕಡಿಮೆ ಬೆಲೆಯ ಒಬಿಡಿ ಸ್ಕ್ಯಾನರುಗಳು ಸಾಮಾನ್ಯವಾಗಿ ಎಂಜಿನ್ನಿನ ದೋಷಸಂಕೇತಗಳನ್ನು ಮಾತ್ರ ಓದುತ್ತವೆ. ಸೀಟಿನ ಮಾಡ್ಯೂಲನ್ನು ಓದಬಲ್ಲ ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು. ಆದರೆ ಮಾಡ್ಯೂಲಿಗೂ ಕರೆಂಟು ಮತ್ತು ಅರ್ಥ್ ಬೇಕು, ಅದೂ ಅದೇ ಒದ್ದೆ ಕನೆಕ್ಟರಿನ ಮೂಲಕವೇ ಬರುತ್ತದೆ. ಆ ಎರಡನ್ನು ಪರೀಕ್ಷಿಸದೆ ಮಾಡ್ಯೂಲ್ ಬದಲಿಸಲು ಒಪ್ಪಬೇಡಿ.

ಮರಳಿ ಜೋಡಿಸುವಾಗ

ಕಾರ್ಪೆಟ್ಟು ಒದ್ದೆಯಿದ್ದರೆ ಸೀಟು ಕೂರಿಸುವ ಮುನ್ನ ಅದನ್ನು ಎತ್ತಿ ಫೋಮ್ ಸಮೇತ ಒಣಗಿಸಿ. ಆಷಾಢದಲ್ಲಿ ಇದಕ್ಕೆ ಫ್ಯಾನ್ ಹಾಕಿ ಎರಡು ಮೂರು ದಿನ ಬಿಡಬೇಕಾಗಬಹುದು. ಸೀಟಿನ ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ, ಅಪಘಾತದಲ್ಲಿ ಚಾಲಕನನ್ನು ಹಿಡಿದಿಡುವುದು ಅವೇ. ಹಳದಿ ಕನೆಕ್ಟರ್ ಸೇರಿದಂತೆ ಎಲ್ಲವನ್ನೂ ಜೋಡಿಸಿದ ಮೇಲೆ ಕೊನೆಯಲ್ಲಿ ಬ್ಯಾಟರಿ ಸೇರಿಸಿ, ಇಗ್ನಿಷನ್ ಆನ್ ಮಾಡಿ. ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು. ಆಮೇಲೆ ಪ್ರತಿಯೊಂದು ಮೋಟಾರನ್ನೂ ಈ ತುದಿಯಿಂದ ಆ ತುದಿಯವರೆಗೆ ನಡೆಸುತ್ತ, ಸೀಟಿನಡಿ ಟಾರ್ಚ್ ಬಿಟ್ಟು, ಯಾವ ವೈರೂ ಹಳಿಗೆ ಸಿಗುತ್ತಿಲ್ಲ, ಬಿಗಿಯಾಗಿ ಎಳೆಯುತ್ತಿಲ್ಲ ಎಂಬುದನ್ನು ನೋಡಿ ಹೊದಿಕೆ ಮುಚ್ಚಿ.